ಅಹವಾಲು-ಚಿತ್ರ ಮತ್ತು ಹೆಬ್ಬೆಟ್ಟಿನ ನ್ಯಾಯ

ಓದುಬರಹ ಬಾರದವರು ಬ್ಯಾಂಕಿನಿಂದ ಸಾಲ ಪಡೆಯುವಾಗ ಅನುಸರಿಸಬೇಕಾದ ಹಳೆಯ ಕ್ರಮವೊಂದುಂಟು. ಪತ್ರದಲ್ಲಿ ಬರೆದಿರುವುದನ್ನು ಮೊದಲು ಅವರಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಬೇಕು. ಅವರು ಕೇಳಿ ಒಪ್ಪಿದ ಮೇಲೆ ಹೆಬ್ಬೆಟ್ಟಿನ ಗುರುತನ್ನು ಪಡೆಯಬೇಕು. ಓದಿ ಹೇಳಿದವನು ತಾನು ಹಾಗೆ ಮಾಡಿದ್ದೇನೆಂದು ಕೆಳಗೆ ರುಜು ಹಾಕಬೇಕು. ಸಾಲ ಹತ್ತು ಸಾವಿರ ರೂಪಾಯಿಯದಾದರೂ ಸರಿ, ಈ ಕ್ರಮವನ್ನು ತಪ್ಪಿಸುವಂತಿಲ್ಲ. ಇಪ್ಪತ್ತು ವರ್ಷಗಳಿಗೂ ಮೀರಿದ ನನ್ನ ನೌಕರಿಯಲ್ಲಿ ಇದನ್ನು ಅದೆಷ್ಟು ಸಲ ನಡೆಸಿರುವೆನೋ ಲೆಕ್ಕವಿಲ್ಲ. ವಿಮರ್ಶೆಯ ಪ್ರಬಂಧವೊಂದು ಬ್ಯಾಂಕಿನ ಮೇಜಿನಿಂದ ಆರಂಭವಾಗುವುದನ್ನು ಕಂಡು ವಾಚಕರು ಆಶ್ಚರ್ಯಪಡಬಹುದು. ಆದರೆ ಪ್ರಕೃತ ವಿಷಯದಲ್ಲಿ ಕಾವ್ಯಮೀಮಾಂಸೆಯ ಲಕ್ಷಣಗಳಿಗಿಂತ ಈ ಹೆಬ್ಬೆಟ್ಟಿನ ನ್ಯಾಯವೇ ನನಗೆ ಹೆಚ್ಚಿನ ಬೆಳಕನ್ನು ಕೊಟ್ಟಿದೆಯೆಂಬುದನ್ನು ಮೊದಲೇ ಹೇಳಿಬಿಡುವುದು ಮೇಲು.

ವಿಷಯವೆಂದರೆ ಸಂಘಸಂಸ್ಥೆಗಳು ತಮ್ಮ ಜನರ ಕಷ್ಟವನ್ನೂ ಬೇಡಿಕೆಯನ್ನೂ ಲೋಕಕ್ಕೆ ತಿಳಿಸಲು ತಯಾರಿಸುವ ಚಲಚ್ಚಿತ್ರ ಮತ್ತು ವಿಡಿಯೊಗಳು. ಇವು ಕಥಾಚಿತ್ರಗಳಲ್ಲ, ವಾರ್ತಾಚಿತ್ರಗಳೂ ಅಲ್ಲ. ಒಬ್ಬ ರೈತ, ಒಬ್ಬ ಬೆಸ್ತ, ಒಬ್ಬ ತರಕಾರಿ ಮಾರುವ ಹೆಂಗಸು ಕ್ಯಾಮರಾದ ಮುಂದೆ ತನ್ನ ಪಾಡನ್ನು ಹೇಳಿಕೊಳ್ಳುವುದು. ಅದನ್ನು ಅಧಿಕಾರಿಗಳೋ ದಾನಿಗಳೋ ನೆರೆಯವರೋ ಕುಳಿತು ನೋಡುವುದು. ಇವಕ್ಕೆ ನಮ್ಮ ಭಾಷೆಯಲ್ಲಿ ಸರಿಯಾದ ಹೆಸರು ಇನ್ನೂ ನೆಲೆಗೊಂಡಿಲ್ಲ. ತಾಲ್ಲೂಕು ಕಚೇರಿಯ ಬಾಗಿಲಲ್ಲಿ ನಿಂತು ಹೇಳಿಕೊಳ್ಳುವುದಕ್ಕೆ ಹಳಬರು ಅಹವಾಲು ಎನ್ನುತ್ತಿದ್ದರು. ಆ ಮಾತನ್ನೇ ಹಿಡಿದು ಇವನ್ನು ಅಹವಾಲು-ಚಿತ್ರಗಳೆಂದು ಕರೆಯುತ್ತೇನೆ. ಕೈಯ ಫೋನಿನಲ್ಲಿಯೇ ಚಿತ್ರ ತೆಗೆದು ಕಳುಹಿಸಬಹುದಾದ ಈ ಕಾಲದಲ್ಲಿ ಇಂಥ ಚಿತ್ರಗಳ ಬೆಳೆ ಹುಲುಸಾಗಿದೆ; ವಿಮರ್ಶೆ ಮಾತ್ರ ಇವುಗಳ ಕಡೆಗೆ ತಿರುಗಿ ನೋಡಿದ್ದು ಕಡಮೆ.

ಹಾಗೆ ನೋಡದಿರುವುದಕ್ಕೆ ಕಾರಣವಿಲ್ಲದಿಲ್ಲ. ನಮ್ಮ ವಿಮರ್ಶೆಯ ಅಳತೆಗೋಲುಗಳು ಕಾವ್ಯನಾಟಕಗಳಿಗಾಗಿ ಹುಟ್ಟಿದವು. ತೀ.ನಂ.ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು (೧೯೫೩) ಓದಿದವರಿಗೆಲ್ಲ ಭಟ್ಟನಾಯಕನ ಸಾಧಾರಣೀಕರಣದ ತತ್ತ್ವ ಪರಿಚಿತವೇ. ರಂಗದ ಮೇಲಿನ ಶೋಕವು ಇಂಥವಳೊಬ್ಬಳ ಶೋಕವಾಗಿ ಉಳಿಯದೆ, ವ್ಯಕ್ತಿಯ ಕಟ್ಟನ್ನು ಕಳಚಿಕೊಂಡು, ಎಲ್ಲರೂ ಸವಿಯಬಲ್ಲ ಕರುಣರಸವಾಗುತ್ತದೆ. ನಾಟಕಕ್ಕೆ ಇದು ಭೂಷಣ. ಅಹವಾಲು-ಚಿತ್ರಕ್ಕೆ ಇದೇ ದೂಷಣವಾಗುವ ಸಂಭವವುಂಟು. ಕ್ಯಾಮರಾದ ಮುಂದೆ ನಿಂತವಳಿಗೆ ಊರೊಂದಿದೆ, ಹೆಸರೊಂದಿದೆ, ತೀರಿಸಬೇಕಾದ ಕಂತೊಂದಿದೆ. ಚಿತ್ರ ಮುಗಿದ ಮರುದಿನವೂ ಆಕೆ ಆ ಊರಿನಲ್ಲಿಯೇ ಇರಬೇಕು. ಆಕೆಯ ದುಃಖವನ್ನು ಸಾಧಾರಣೀಕರಿಸಿದರೆ ನೋಡುವವನಿಗೆ ರಸ ದೊರೆಯುತ್ತದೆ. ಆಕೆಯ ಬೇಡಿಕೆ ಮಾತ್ರ ಆ ರಸದಲ್ಲಿ ಕರಗಿಹೋಗುತ್ತದೆ. ಪ್ರೇಕ್ಷಕನು ಕಣ್ಣೊರಸಿಕೊಂಡು ತೃಪ್ತನಾಗಿ ಮನೆಗೆ ಹೋಗುವಂತೆ ಮಾಡಿದ ಅಹವಾಲು-ಚಿತ್ರವು, ಕಲೆಯಾಗಿ ಎಷ್ಟೇ ನಯವಾಗಿರಲಿ, ಅಹವಾಲಾಗಿ ಸೋತಿತೆಂದೇ ಹೇಳಬೇಕು. ಆದುದರಿಂದ ಇವುಗಳನ್ನು ಅಳೆಯಲು ಬೇರೆಯೇ ಒಂದು ಪ್ರಶ್ನೆಯನ್ನು ಕೇಳಬೇಕಾಗುತ್ತದೆ: ಚಿತ್ರದಲ್ಲಿ ಮಾತನಾಡಿದವರಿಗೆ ಆ ಚಿತ್ರವನ್ನು ಮೊದಲು ‘ಓದಿ ಹೇಳಲಾಯಿತೆ’?

ಪ್ರಶ್ನೆ ಹೊಸದಾದರೂ ಅದಕ್ಕೆ ಹಿನ್ನೆಲೆಯಾದ ಚಿತ್ರಗಳು ಹಳೆಯವು. ೧೯೩೫ರಲ್ಲಿ ಆರ್ಥರ್ ಎಲ್ಟನ್ ಮತ್ತು ಎಡ್ಗರ್ ಆನ್‌ಸ್ಟೀ ಎಂಬಿಬ್ಬರು ಲಂಡನ್ನಿನ ಸ್ಟೆಪ್ನಿಯ ಕೊಳೆಗೇರಿಗಳಲ್ಲಿ ‘ಹೌಸಿಂಗ್ ಪ್ರಾಬ್ಲಮ್ಸ್’ ಎಂಬ ಕಿರುಚಿತ್ರವನ್ನು ತೆಗೆದರು. ಬಡ ಬಾಡಿಗೆದಾರರು ತಮ್ಮ ಮನೆಯೊಳಗೆ ನಿಂತು, ಇಲಿಗಳ ಕಾಟವನ್ನೂ ಮುರುಕು ಗೋಡೆಗಳನ್ನೂ ಕುರಿತು, ನೇರವಾಗಿ ನಮ್ಮನ್ನು ನೋಡುತ್ತ ಮಾತನಾಡುವ ಚಿತ್ರವದು. ಆ ಕಾಲಕ್ಕೆ ಇದೊಂದು ಸಾಹಸವೇ ಸರಿ. ಬಡವನ ದನಿಯನ್ನು ಬಡವನ ಬಾಯಿಂದಲೇ ಕೇಳಿಸಿದ ಮೊದಲ ಚಿತ್ರಗಳಲ್ಲಿ ಇದನ್ನು ಎಣಿಸಬೇಕು. ಆದರೆ ಚಿತ್ರಕ್ಕೆ ಹಣ ಕೊಟ್ಟದ್ದು ಬ್ರಿಟಿಷ್ ಅಡಿಗೆ-ಅನಿಲ ವ್ಯಾಪಾರಿಗಳ ಒಕ್ಕೂಟ. ಹಳೆಯ ಮನೆಗಳು ಉರುಳಿ ಹೊಸ ವಠಾರಗಳು ಎದ್ದರೆ ಅಲ್ಲಿ ಅನಿಲದ ಒಲೆಗಳೂ ಬರುತ್ತವೆಂಬ ಎಣಿಕೆ ಅವರದು. ಬಾಡಿಗೆದಾರರ ಮಾತಿನ ಸುತ್ತ ವಿವರಣೆಯ ಚೌಕಟ್ಟನ್ನು ಕಟ್ಟುವವನು ನಗರಸಭೆಯ ಸದಸ್ಯ. ಸಾಕ್ಷಿ ನುಡಿದವರು ಬಡವರು. ತೀರ್ಪು ಬರೆದವರು ಬೇರೆಯವರು. ಬಡವರು ಹೇಳಿದ್ದು ಸುಳ್ಳಲ್ಲ, ಹೊಸ ಮನೆ ಅವರಿಗೆ ಬೇಕಾಗಿಯೂ ಇತ್ತು. ಹಾಗಿದ್ದರೂ ಮಾತು ಯಾರದು, ಅದರ ಬಳಕೆ ಯಾರದು ಎಂಬ ಬಿರುಕು ಈ ಪ್ರಕಾರದ ಹುಟ್ಟಿನಲ್ಲಿಯೇ ಇದೆಯೆಂಬುದನ್ನು ಗಮನಿಸಬೇಕು.

ಈ ಬಿರುಕನ್ನು ಕಂಡು, ಅದನ್ನು ಮುಚ್ಚುವ ಉಪಾಯವನ್ನು ಕ್ರಮವಾಗಿ ಹುಡುಕಿದ್ದು ಕೆನಡಾ ದೇಶದ ಫೋಗೊ ದ್ವೀಪದಲ್ಲಿ. ನ್ಯೂಫೌಂಡ್‌ಲೆಂಡಿನ ಈಶಾನ್ಯ ಕರಾವಳಿಯಾಚೆ ಇರುವ ಈ ದ್ವೀಪದಲ್ಲಿ ಆಗ ಸುಮಾರು ೫,೦೦೦ ಜನರಿದ್ದರು. ಮೀನುಗಾರಿಕೆ ಸೊರಗಿತ್ತು, ಅನೇಕರು ಸರಕಾರದ ಸಹಾಯಧನದಿಂದ ದಿನ ನೂಕುತ್ತಿದ್ದರು, ದ್ವೀಪವನ್ನೇ ತೆರವು ಮಾಡಿಸಿ ಜನರನ್ನು ಬೇರೆಡೆ ನೆಲೆಗೊಳಿಸುವ ಮಾತು ನಡೆದಿತ್ತು. ೧೯೬೭ರಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಮಂಡಲಿಯ ನಿರ್ದೇಶಕ ಕಾಲಿನ್ ಲೋ, ಮೆಮೋರಿಯಲ್ ವಿಶ್ವವಿದ್ಯಾಲಯದ ವಿಸ್ತರಣ ವಿಭಾಗದ ಡೊನಾಲ್ಡ್ ಸ್ನೋಡನ್ ಅವರೊಡಗೂಡಿ, ಅಲ್ಲಿ ೨೭ ಕಿರುಚಿತ್ರಗಳನ್ನು ತಯಾರಿಸಿದನು.

ಲೋ ಮಾಡಿದ ಮುಖ್ಯವಾದ ಕೆಲಸ ಸಂಕಲನಕ್ಕೆ ಸಂಬಂಧಿಸಿದ್ದು. ಸಾಮಾನ್ಯವಾಗಿ ಇಂಥ ಚಿತ್ರ ತೆಗೆಯುವವರು ಹತ್ತು ಜನರನ್ನು ಮಾತನಾಡಿಸಿ, ಒಬ್ಬೊಬ್ಬರಿಂದ ಒಂದೊಂದು ವಾಕ್ಯವನ್ನು ಕಿತ್ತು, ಮೀನಿನ ಬೆಲೆ, ದೋಣಿ, ಶಾಲೆ ಎಂದು ವಿಷಯವಾರು ಪೋಣಿಸುತ್ತಾರೆ. ಇದನ್ನು ಲೋ ಅಡ್ಡ ಕಟ್ಟಡವೆಂದು ಭಾವಿಸಿದನು. ಹೀಗೆ ಪೋಣಿಸಿದಾಗ ಒಬ್ಬನ ಮಾತು ಮತ್ತೊಬ್ಬನ ಮಾತಿಗೆ ಎದುರಾಗಿ ನಿಲ್ಲುತ್ತದೆ. ನೆರೆಹೊರೆಯವರಲ್ಲಿ ಇಲ್ಲದ ಜಗಳ ತೆರೆಯ ಮೇಲೆ ಹುಟ್ಟುತ್ತದೆ. ಕೊನೆಗೆ ಉಳಿಯುವುದು ಪೋಣಿಸಿದವನ ವಾದ. ಅದಕ್ಕೆ ಬದಲಾಗಿ ಅವನು ಆರಿಸಿಕೊಂಡದ್ದು ನಿಲುವು ಕಟ್ಟಡ: ಒಬ್ಬ ವ್ಯಕ್ತಿಗೆ ಅಥವಾ ಒಂದು ಸಂದರ್ಭಕ್ಕೆ ಒಂದು ಚಿತ್ರ. ಆಡಿದವನ ಮಾತು ಅವನ ಮನೆ, ಅವನ ಮಕ್ಕಳು, ಅವನ ಹಾಡುಹಸೆಗಳ ನಡುವೆ, ಅವನದೇ ಓಟದಲ್ಲಿ ಸಾಗುತ್ತದೆ. ಒಂದೊಂದಾಗಿ ನೋಡಿದರೆ ಈ ಚಿತ್ರಗಳಲ್ಲಿ ನಾಟಕೀಯತೆ ಕಡಮೆ. ಆದರೆ ಆ ಮಂದಗತಿಯೇ ಅವುಗಳ ಮರ್ಯಾದೆಯಾಗಿದೆ.

ಎರಡನೆಯ ಉಪಾಯವೇ ನಾನು ಹೇಳಿದ ಹೆಬ್ಬೆಟ್ಟಿನ ನ್ಯಾಯ. ಚಿತ್ರವನ್ನು ಮೊದಲು ಅದರಲ್ಲಿ ಕಾಣಿಸಿಕೊಂಡವರಿಗೇ ತೋರಿಸಲಾಯಿತು. ಬೇಡವೆಂದದ್ದನ್ನು ತೆಗೆಸುವ ಹಕ್ಕು ಅವರಿಗಿತ್ತು. ಅನಂತರ ದ್ವೀಪದ ಬೇರೆ ಬೇರೆ ಊರುಗಳಲ್ಲಿ ತೋರಿಸಿ ಚರ್ಚೆ ನಡೆಸಲಾಯಿತು. ಒಂದೇ ದ್ವೀಪದಲ್ಲಿದ್ದರೂ ಮತದಿಂದಲೂ ದೂರದಿಂದಲೂ ಬೇರೆಯಾಗಿದ್ದ ಊರುಗಳ ಜನ ತಮ್ಮ ಕಷ್ಟ ಒಂದೇ ಎಂಬುದನ್ನು ಅಲ್ಲಿ ಕಂಡುಕೊಂಡರು. ಜನರು ಒಪ್ಪಿದ ಮೇಲೆಯೇ ಚಿತ್ರಗಳು ರಾಜಧಾನಿಯ ಅಧಿಕಾರಿಗಳ ಮುಂದೆ ಹೋದವು. ಮಂತ್ರಿಯ ಉತ್ತರವನ್ನೂ ಚಿತ್ರೀಕರಿಸಿ ದ್ವೀಪಕ್ಕೆ ತಂದು ತೋರಿಸಲಾಯಿತು. ಅಹವಾಲು ಹೋದ ದಾರಿಯಲ್ಲಿ ಉತ್ತರ ಹಿಂದಿರುಗಿ ಬಂದದ್ದು ಈ ಪ್ರಕಾರದ ಇತಿಹಾಸದಲ್ಲಿ ದೊಡ್ಡ ಸಂಗತಿ. ದ್ವೀಪದವರು ದೋಣಿ ಕಟ್ಟುವ, ಮೀನು ಮಾರುವ ಸಹಕಾರ ಸಂಘವನ್ನು ಸ್ಥಾಪಿಸಿಕೊಂಡರು, ದ್ವೀಪ ತೆರವಾಗಲಿಲ್ಲ. ಇದೆಲ್ಲ ಚಿತ್ರಗಳಿಂದಲೇ ಆಯಿತೆನ್ನುವುದು ಅತಿಶಯೋಕ್ತಿಯಾದೀತು. ಅಲ್ಲಿ ಅಭಿವೃದ್ಧಿ ಸಮಿತಿಯೊಂದು ಮೊದಲೇ ದುಡಿಯುತ್ತಿತ್ತು. ಚಿತ್ರವು ಬೀಜವಾಗಿರಲಿಲ್ಲ, ನೀರಾಗಿತ್ತು ಎಂದರೆ ನ್ಯಾಯವಾದೀತು.

ಫೋಗೊದಲ್ಲಿ ಕ್ಯಾಮರಾ ಮಾತ್ರ ಮಂಡಲಿಯವರ ಕೈಯಲ್ಲಿಯೇ ಉಳಿದಿತ್ತು. ಅದು ಜನರ ಕೈಗೆ ದಾಟಲು ವಿಡಿಯೊ ಬರಬೇಕಾಯಿತು. ಹೆಗಲಿಗೆ ತೂಗುಹಾಕಿಕೊಳ್ಳಬಹುದಾದ ವಿಡಿಯೊ ಯಂತ್ರ ಬಂದೊಡನೆ, ೧೯೬೯ರ ಸುಮಾರಿಗೆ, ಮಾಂಟ್ರಿಯಲ್ ನಗರದ ಸೇಂಟ್ ಜಾಕ್ ಕೇರಿಯ ನಾಗರಿಕ ಸಮಿತಿಯವರು ತಾವೇ ತಮ್ಮ ನೆರೆಯವರನ್ನು ಚಿತ್ರಿಸಿಕೊಂಡರು. ನಮ್ಮ ದೇಶದಲ್ಲಿ ಈ ದಾರಿಯನ್ನು ತೆರೆದವರಲ್ಲಿ ಅಹಮದಾಬಾದಿನ ‘ಸೇವಾ’ ಸಂಘದ ಹೆಂಗಸರು ಮೊದಲಿಗರು. ೧೯೮೪ರಲ್ಲಿ ಅಮೆರಿಕದ ಮಾರ್ಥಾ ಸ್ಟುಅರ್ಟ್ ಎಂಬಾಕೆ ಅಲ್ಲಿ ತರಬೇತಿ ಕೊಟ್ಟಳು. ಕಲಿತವರಲ್ಲಿ ಅಕ್ಷರ ಬಾರದವರೂ ಇದ್ದರು. ಅಕ್ಷರಕ್ಕೆ ಬದಲಾಗಿ ಚಿತ್ರವನ್ನು ನಂಬುವುದು ಆ ಸಂಘಕ್ಕೆ ಹೊಸದಾಗಿರಲಿಲ್ಲವೆಂಬುದನ್ನು ಬ್ಯಾಂಕಿನವನಾದ ನಾನು ನೆನೆಯದಿರಲಾರೆ. ೧೯೭೪ರಲ್ಲಿ ಅವರು ತೆರೆದ ಸಹಕಾರಿ ಬ್ಯಾಂಕಿನಲ್ಲಿ ರುಜು ಹಾಕಲಾರದ ಸದಸ್ಯೆಯರನ್ನು ಗುರುತಿಸಿದ್ದು ಭಾವಚಿತ್ರದಿಂದಲೇ. ಮುಖವೇ ಅಲ್ಲಿ ರುಜುವಾಯಿತು.

ಈ ಪರಂಪರೆಯ ಪಕ್ವ ಫಲ ನಮಗೆ ಹತ್ತಿರದಲ್ಲಿಯೇ ಇದೆ. ನಮ್ಮ ಹೈದರಾಬಾದಿನಿಂದ ಮುಂಬಯಿಯ ಹೆದ್ದಾರಿ ಹಿಡಿದು ಹೊರಟರೆ, ಬೀದರಿನ ಗಡಿಗೆ ಸಮೀಪದ ಜಹೀರಾಬಾದಿನ ಬಳಿ ಪಸ್ತಾಪುರವೆಂಬ ಹಳ್ಳಿ ಸಿಗುತ್ತದೆ. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ೧೯೮೩ರಿಂದ ಈ ಒಣನೆಲದ ಹಳ್ಳಿಗಳಲ್ಲಿ ದಲಿತ ಮಹಿಳೆಯರ ಸಂಘಗಳನ್ನು ಕಟ್ಟಿ, ಸಿರಿಧಾನ್ಯದ ಬೇಸಾಯವನ್ನೂ ಬಿತ್ತನೆ ಬೀಜದ ಸ್ವಾವಲಂಬನೆಯನ್ನೂ ಬೆಳೆಸಿತು. ಅದರ ಸ್ಥಾಪಕರಲ್ಲೊಬ್ಬರೂ ೨೦೨೩ರಲ್ಲಿ ತೀರಿಕೊಂಡವರೂ ಆದ ಪಿ.ವಿ.ಸತೀಶ್ ಅವರು ಮೈಸೂರಿನವರು, ದೂರದರ್ಶನದಲ್ಲಿ ಕೆಲಸಮಾಡಿ ಬಂದವರು. ಹೊರನಾಡ ಕನ್ನಡಿಗರ ಸಾಧನೆಯನ್ನು ಪಟ್ಟಿಮಾಡುವಾಗ ನಾವು ಉದ್ಯಮಿಗಳನ್ನೂ ಕವಿಗಳನ್ನೂ ನೆನೆಯುತ್ತೇವೆ. ಈ ಹೆಸರನ್ನು ಅಷ್ಟಾಗಿ ನೆನೆದಿಲ್ಲವೆಂಬುದು ನಮ್ಮ ಕೊರತೆ. ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ ಆ ಸಂಘಗಳ ಕೆಲವು ಹೆಂಗಸರಿಗೆ ವಿಡಿಯೊ ಕಲಿಸಲಾಯಿತು. ೨೦೦೧ರಲ್ಲಿ ಅವರದೇ ಆದ ‘ಕಮ್ಯೂನಿಟಿ ಮೀಡಿಯಾ ಟ್ರಸ್ಟ್’ ಸ್ಥಾಪನೆಯಾಯಿತು. ಕೂಲಿ ಮಾಡಿ ಬದುಕಿದ ಕೈಗಳೇ ಕ್ಯಾಮರಾ ಹಿಡಿದವು.

ಈ ಹೆಂಗಸರು ಕ್ಯಾಮರಾದ ಕೋನಗಳಿಗೆ ತಮ್ಮದೇ ಹೆಸರುಗಳನ್ನಿಟ್ಟುಕೊಂಡರು. ಒಬ್ಬರನ್ನು ಮೇಲು ಮಾಡಿ ಇನ್ನೊಬ್ಬರನ್ನು ಕೀಳು ಮಾಡುವ ಕೋನಗಳು ಅವರ ಮಾತಿನಲ್ಲಿ ಪಟೇಲನ ಷಾಟು, ಜೀತದವರ ಷಾಟು. ಕಣ್ಣಿಗೆ ಕಣ್ಣು ಸಮನಾಗಿ ನಿಲ್ಲುವುದು ‘ಸಂಘಂ ಷಾಟು’. ಏಕೆಂದರೆ ಸಂಘದಲ್ಲಿ ಎಲ್ಲರೂ ಒಂದೇ ನೆಲದ ಮೇಲೆ ಕೂರುತ್ತಾರೆ. ಚಲಚ್ಚಿತ್ರ ಶಾಸ್ತ್ರವು ಯಾವುದನ್ನು ಕೇವಲ ಕೋನವೆಂದು ಕರೆಯುತ್ತದೆಯೋ ಅದು ಅಧಿಕಾರದ ಸಂಬಂಧವೆಂಬುದನ್ನು ಈ ಮೂರು ಮಾತುಗಳು ಹೇಳಿಬಿಡುತ್ತವೆ. ತತ್ತ್ವವನ್ನು ಇಷ್ಟು ಹಗುರವಾಗಿ ಎತ್ತಿ ಕೊಡುವ ಪಾರಿಭಾಷಿಕ ಪದಗಳು ನಮ್ಮ ವಿಮರ್ಶಾಗ್ರಂಥಗಳಲ್ಲಿ ಅಪರೂಪ.

ಈ ಮಂಡಲಿಯ ಚಿತ್ರಗಳಲ್ಲಿ ಹೆಸರಾದದ್ದು ೨೦೦೩ರ ವಾರಂಗಲ್ ಚಿತ್ರ. ೨೦೦೨ರ ಮಾರ್ಚಿನಲ್ಲಿ ಭಾರತ ಸರಕಾರ ಬಿಟಿ ಹತ್ತಿಗೆ ಅನುಮತಿ ಕೊಟ್ಟಿತು. ಆ ಮೊದಲ ಹಂಗಾಮಿನಲ್ಲಿ ಅದನ್ನು ಬಿತ್ತಿದ ರೈತರ ಹಿಂದೆ ಹೋಗಿ ಈ ಹೆಂಗಸರು ಅವರ ಮಾತನ್ನು ದಾಖಲಿಸಿದರು. ಆಶೆ ಮೆಲ್ಲನೆ ಅನುಮಾನವಾಗಿ, ಅನುಮಾನ ಸಿಟ್ಟಾಗಿ ತಿರುಗುವುದನ್ನು ಚಿತ್ರವು ಅವಸರವಿಲ್ಲದೆ ತೋರಿಸುತ್ತದೆ. ಕೇಳುವವಳೂ ಹೊಲದಲ್ಲಿ ದುಡಿದವಳು, ಹೇಳುವವನೂ ಹೊಲದಲ್ಲಿ ದುಡಿದವನು; ಆದುದರಿಂದ ಹೊರಗಿನ ಪತ್ರಕರ್ತನಿಗೆ ಹೊಳೆಯದ ಪ್ರಶ್ನೆಗಳು ಇಲ್ಲಿ ಸಹಜವಾಗಿ ಬರುತ್ತವೆ, ಉತ್ತರಗಳೂ ಮುಚ್ಚುಮರೆಯಿಲ್ಲದೆ ಬರುತ್ತವೆ. ಒಂದು ಹಂಗಾಮಿನ ಕಾಲವನ್ನು ಪೂರ್ತಿಯಾಗಿ ಕೊಟ್ಟದ್ದೇ ಈ ಚಿತ್ರದ ಬಲ. ಅಳುವ ಮುಖವನ್ನು ಹುಡುಕಿಕೊಂಡು ಒಂದು ಮಧ್ಯಾಹ್ನ ಬಂದು ಹೋಗುವವರಿಗೆ ಇದು ದಕ್ಕುವುದಲ್ಲ.

ಆದರೆ ಮೆಚ್ಚುಗೆಯ ಜೊತೆಗೆ ಒಂದು ಆಕ್ಷೇಪವನ್ನೂ ಹೇಳದಿದ್ದರೆ ವಿಮರ್ಶೆ ಅಪೂರ್ಣವಾದೀತು. ವಾರಂಗಲ್ಲಿನ ರೈತರಿಗೆ ಬಿಟಿ ಹತ್ತಿಯ ಮೇಲೆ ಸಿಟ್ಟೇಕೆ ಎಂಬುದೇ ಚಿತ್ರದ ಹೆಸರು. ಸಿಟ್ಟಿದೆಯೇ ಎಂದು ಕೇಳುವ ಅಗತ್ಯವನ್ನು ಹೆಸರೇ ಮುಗಿಸಿಬಿಡುತ್ತದೆ. ಮತ್ತು ಚಿತ್ರದಲ್ಲಿ ಕಂಡ ರೈತರನ್ನು ವಾರಂಗಲ್ಲಿನ ರೈತಸಮಸ್ತವಾಗಿ ಮಾಡಿಬಿಡುತ್ತದೆ. ೨೦೦೫ರಲ್ಲಿ, ಮೊದಲು ಅನುಮತಿ ಪಡೆದಿದ್ದ ಮೂರು ತಳಿಗಳಿಗೆ ಆಂಧ್ರಪ್ರದೇಶದಲ್ಲಿ ಅನುಮತಿಯ ನವೀಕರಣ ದೊರೆಯಲಿಲ್ಲ. ರೈತರು ನುಡಿದದ್ದು ಬರಿಯ ಗೊಣಗಾಟವಲ್ಲವೆಂಬುದಕ್ಕೆ ಇದನ್ನು ಹೇಳಬಹುದು. ಆದರೆ ಅನಂತರದ ಹತ್ತು ವರ್ಷಗಳಲ್ಲಿ ಬೇರೆ ಬಿಟಿ ತಳಿಗಳು ದೇಶದ ಹತ್ತಿ ಹೊಲಗಳ ನೂರಕ್ಕೆ ೯೦ಕ್ಕೂ ಮೀರಿದ ಭಾಗವನ್ನು ಆವರಿಸಿದವೆಂಬುದೂ ಅಷ್ಟೇ ನಿಜ. ಇದರಿಂದ ಚಿತ್ರ ಸುಳ್ಳಾಯಿತೆ? ಆಗಲಿಲ್ಲವೆಂದೇ ನನ್ನ ಅಭಿಪ್ರಾಯ. ಬ್ಯಾಂಕಿನ ವಾರ್ಷಿಕ ಲೆಕ್ಕಪತ್ರವೇ ಬೇರೆ, ಒಬ್ಬ ಖಾತೆದಾರನ ಪಾಸ್‌ಪುಸ್ತಕವೇ ಬೇರೆ. ಬ್ಯಾಂಕಿಗೆ ಲಾಭ ಬಂದಿತೆಂದು ಆತನ ಖಾತೆಯ ನಷ್ಟ ಇಲ್ಲವಾಗುವುದಿಲ್ಲ. ಆತನ ನಷ್ಟವನ್ನು ತೋರಿಸಿ ಬ್ಯಾಂಕು ಮುಳುಗಿತೆನ್ನಲೂ ಆಗದು. ಈ ರೈತರ ಈ ಹಂಗಾಮಿನ ಪಾಸ್‌ಪುಸ್ತಕವಾಗಿ ಚಿತ್ರವು ಅಲ್ಲಗಳೆಯಲಾಗದ್ದು. ಲೆಕ್ಕಪತ್ರವಾಗಲು ಹೊರಟಲ್ಲಿ ಮಾತ್ರ ಅದು ದುರ್ಬಲ. ಫೋಗೊದ ನಿಲುವು ಕಟ್ಟಡ ಕಲಿಸಿದ ಸಂಯಮ ಇಲ್ಲಿ ಶೀರ್ಷಿಕೆಯ ಮಟ್ಟದಲ್ಲಿ ತಪ್ಪಿತು.

ಇಷ್ಟನ್ನು ಬರೆಯುವ ಅಧಿಕಾರ ನನಗಿದೆಯೇ ಎಂಬ ಅಳುಕು ನನ್ನನ್ನು ಕಾಡುತ್ತದೆ. ಕೆಲವು ವರ್ಷಗಳ ಹಿಂದೆ ನಾನು ತೆಲಂಗಾಣದ ಒಂದು ಗ್ರಾಮೀಣ ಶಾಖೆಯಲ್ಲಿದ್ದೆ. ಮಹಿಳಾ ಸ್ವಸಹಾಯ ಗುಂಪುಗಳ ಯಶಸ್ಸನ್ನು ಕುರಿತು ಒಂದು ಸಂಸ್ಥೆಯವರು ಐದು ನಿಮಿಷದ ವಿಡಿಯೊ ತೆಗೆಯಲು ಬಂದರು. ಸಾಲಗಾರರನ್ನು ತೋರಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಎಮ್ಮೆ ಸಾಲ ಪಡೆದಿದ್ದ ಒಬ್ಬಾಕೆ ಕ್ಯಾಮರಾದ ಮುಂದೆ, ಎಮ್ಮೆ ಬಂದಮೇಲೆ ಮನೆಯಲ್ಲಿ ನಾಲ್ಕು ಕಾಸು ಆಡುತ್ತಿದೆ, ಆದರೆ ಬತ್ತಿದ ತಿಂಗಳುಗಳಲ್ಲಿ ಕಂತು ಕಟ್ಟಲು ಊರ ಸಾಹುಕಾರನಲ್ಲಿ ಕೈಸಾಲ ಮಾಡಿದ್ದೇನೆ ಎಂದಳು. ಮುಗಿದ ಚಿತ್ರದಲ್ಲಿ ‘ಆದರೆ’ ಎಂಬಲ್ಲಿಗೆ ಮಾತು ನಿಂತಿತ್ತು. ಅಲ್ಲಿಂದ ಮುಂದೆ ಕೊಳಲಿನ ದನಿ. ನಗರದ ದೊಡ್ಡ ಹೋಟೆಲೊಂದರ ಸಭೆಯಲ್ಲಿ ಅದನ್ನು ತೋರಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ತಿಂಗಳೆರಡು ಕಳೆದಮೇಲೆ ಆಕೆ ಶಾಖೆಗೆ ಬಂದಳು. ಯಾರದೋ ಫೋನಿನಲ್ಲಿ ಚಿತ್ರವನ್ನು ಊರೆಲ್ಲ ನೋಡಿತ್ತು, ಸಾಹುಕಾರನೂ ನೋಡಿದ್ದನು. “ಇಷ್ಟು ದುಡ್ಡಿದ್ದವಳು ನನ್ನ ಬಾಕಿ ಏಕೆ ಉಳಿಸಿಕೊಂಡಿದ್ದೀಯೆ ಎಂದು ವಾಯಿದೆ ಕೊಡಲೊಲ್ಲ ಸಾರ್. ನಾನು ಹೇಳಿದ್ದರಲ್ಲಿ ಅರ್ಧವನ್ನೇ ಏಕೆ ತೋರಿಸಿದಿರಿ?” ಎಂದು ಆಕೆ ತೆಲುಗಿನಲ್ಲಿ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ನನಗೆ ತಿಳಿದಿರಬಹುದೆಂಬ ನಂಬಿಕೆಯಿತ್ತು. ಚಿತ್ರ ತೆಗೆಯಲು ಒಪ್ಪಿಗೆಯೆಂದು ಆಕೆಯಿಂದ ಹೆಬ್ಬೆಟ್ಟು ಹಾಕಿಸಿಕೊಂಡ ಹಾಳೆ ಇಂಗ್ಲಿಷಿನಲ್ಲಿತ್ತು. ಅದನ್ನು ಯಾರೂ ಓದಿ ಹೇಳಿರಲಿಲ್ಲ. ಕೆಳಗೆ ಸಾಕ್ಷಿಯೆಂದು ರುಜು ಮಾಡಿದವನು ನಾನು. ಆಕೆಯ ಎಮ್ಮೆಯ ಸಾಲದ ಪತ್ರವನ್ನು ಸಾಲುಸಾಲಾಗಿ ತೆಲುಗಿನಲ್ಲಿ ವಿವರಿಸಿದವನೂ ನಾನೇ. ಹಣದ ವಿಷಯದಲ್ಲಿ ತೋರಿದ ಎಚ್ಚರವನ್ನು ಆಕೆಯ ಮುಖದ ವಿಷಯದಲ್ಲಿ ತೋರದೆಹೋದೆ. ಸಂಸ್ಥೆಯವರಿಗೆ ಪತ್ರ ಬರೆದೆ, ಉತ್ತರ ಬರಲಿಲ್ಲ. ಆಕೆಯ ಕಂತುಗಳನ್ನು ಹಾಲಿನ ತಿಂಗಳುಗಳಿಗೆ ಹೊಂದಿಸಿಕೊಟ್ಟೆ. ಅದು ನನ್ನ ಕೈಲಾದದ್ದು, ಆದದ್ದಕ್ಕೆ ಪರಿಹಾರವಲ್ಲ.

ಆ ಚಿತ್ರದಲ್ಲಿ ಸುಳ್ಳೆಂಬ ಒಂದು ವಾಕ್ಯವೂ ಇರಲಿಲ್ಲವೆಂಬುದನ್ನು ಗಮನಿಸಬೇಕು. ದೋಷವಿದ್ದದ್ದು ಕತ್ತರಿಯಲ್ಲಿ. ಆದುದರಿಂದ ಬಡವರನ್ನು ತೋರಿಸಿದರೆ ಸಾಕು, ಅವರ ಬಾಯಿಂದ ಮಾತಾಡಿಸಿದರೆ ಸಾಕು, ಕ್ಯಾಮರಾವನ್ನು ಅವರ ಕೈಗೆ ಕೊಟ್ಟರೆ ಸಾಕು ಎಂಬ ಮಾತುಗಳು ಒಂದಕ್ಕಿಂತ ಒಂದು ಮುಂದುವರಿದ ಮೆಟ್ಟಿಲುಗಳಾದರೂ ಯಾವುದೂ ಕೊನೆಯ ಮೆಟ್ಟಿಲಲ್ಲ. ಕತ್ತರಿಸಿದ್ದನ್ನು ಮೊದಲು ನೋಡುವ, ನೋಡಿ ಬೇಡವೆನ್ನುವ, ತೋರಿಸಿದ ಮೇಲೆ ಬಂದ ಉತ್ತರವನ್ನು ಕೇಳುವ ಅಧಿಕಾರ ಮಾತಾಡಿದವರಿಗೆ ಇದ್ದಾಗ ಮಾತ್ರ ಅಹವಾಲು ಅವರದಾಗುತ್ತದೆ. ಸಾಹಿತ್ಯವಿಮರ್ಶೆಯಲ್ಲಿ ಕವಿಗೆ ಮಾತ್ರ ಇರುವ ಸ್ವಾತಂತ್ರ್ಯವನ್ನು ಇಲ್ಲಿ ನಿರ್ದೇಶಕನಿಗೆ ಕೊಡಲಾಗದು. ಶಕುಂತಲೆ ಕಾಳಿದಾಸನ ಮನೆಗೆ ಬಂದು ನನ್ನ ಮಾತಿನ ಅರ್ಧ ಎಲ್ಲಿ ಹೋಯಿತೆಂದು ಕೇಳುವುದಿಲ್ಲ. ಎಮ್ಮೆಯ ಸಾಲದವಳು ಕೇಳುತ್ತಾಳೆ, ಕೇಳಬೇಕು.

ಇದರಿಂದ ಚಿತ್ರಗಳ ಕಾವು ಕುಗ್ಗುತ್ತದೆ, ಪರಸ್ಪರ ಒಪ್ಪಿಗೆಯ ಮಾತುಗಳು ಸಪ್ಪೆಯಾಗುತ್ತವೆ ಎಂದು ಆಕ್ಷೇಪಿಸುವವರುಂಟು. ಸ್ವಲ್ಪಮಟ್ಟಿಗೆ ಇದು ನಿಜವೂ ಹೌದು. ಓದಿ ಹೇಳುವುದಕ್ಕೆ ಹೊತ್ತು ಬೇಕು, ಓದಿ ಹೇಳಿದಮೇಲೆ ಕೆಲವರು ಹೆಬ್ಬೆಟ್ಟು ಹಾಕಲು ಒಪ್ಪುವುದಿಲ್ಲ. ಆದರೆ ಹಾಗೆ ಒಪ್ಪದೆ ಎದ್ದುಹೋಗಬಲ್ಲರೆಂಬ ಕಾರಣದಿಂದಲೇ ಹಾಕಿದ ಹೆಬ್ಬೆಟ್ಟಿಗೆ ಬೆಲೆ. ನಮ್ಮ ಸಂಘಗಳೂ ಈಗ ಕನ್ನಡ ಶಾಲೆಗಳ ನೆರವಿಗಾಗಿ, ವಿದ್ಯಾರ್ಥಿವೇತನದ ನಿಧಿಗಾಗಿ ಇಂಥ ವಿಡಿಯೊಗಳನ್ನು ಮಾಡಿಸುವ ಕಾಲ ಬಂದಿದೆ. ಬಡ ವಿದ್ಯಾರ್ಥಿಯೊಬ್ಬನನ್ನು ಕ್ಯಾಮರಾದ ಮುಂದೆ ನಿಲ್ಲಿಸುವ ಮೊದಲು, ಸಭಾಂಗಣದಲ್ಲಿ ಚಪ್ಪಾಳೆ ತಟ್ಟುವ ನಮ್ಮ ಕಣ್ಣು ಯಾವ ಎತ್ತರದಲ್ಲಿದೆಯೆಂದು ನೋಡಿಕೊಳ್ಳೋಣ. ಮುಗಿದ ಚಿತ್ರವನ್ನು ಮೊದಲು ಆ ಹುಡುಗನಿಗೂ ಅವನ ತಾಯಿಗೂ ತೋರಿಸೋಣ. ಅವರು ಹೂಂ ಎಂದಮೇಲೆ ನಾವು ನೋಡೋಣ.